ಲಂಡನ್ನಿಗೆ ಹೋಗೂದು ಇಳಿಜಾರು, ಬರೂದು ಏರು

ಹುಬ್ಬಳ್ಳ್ಯಾಗ ವಿಮಾನದ ಟಿಕೀಟು ಮಾಡಿಕೊಡೂ ಅಂಗಡಿ ಇಟ್ಟೇನ್ರಿ. ಇಲ್ಲಿಂದ ಧಾರವಾಡಕ್ಕ ಎಷ್ಟೊತ್ತಿಗೆ ಮುಟ್ಟತೇವಿ ಅಂತ ಎದಿ ತಟ್ಟಿ ಹೇಳೂ ಧೈರ್ಯ ಯಾರಿಗೂ ಇಲ್ಲ. ಆದ್ರ ಲಂಡನ್ನಿಗೆ ಹತ್ತು ನಿಮಿಷ ತಡಾ ಆದ್ರ ನನ್ನ ಕೊಳ್ಳಪಟ್ಟಿ ಹಿಡೀತಾರ. ಇಂಥಾವು ದಿನಾ ನಡಿಯೂವ. ಹೋದ ಶ್ರಾವಣದಾಗ ನಡದದ್ದು ಮಾತ್ರ ಮರಿಯಾಂಗಿಲ್ಲ.

ಹೋಗೂದು

ಹಳೇ ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಕಾಕಾ, ಅವರ ಜೋಡಿ ಕಾಕು ಬಂದ್ರು. ಲಂಡನ್ನಿನ್ಯಾಗ ಕಾಕೂನ ತಂಗಿಯ ಹೊಸಾ ಮನಿ ವಾಸ್ತುಶಾಂತಿ.

"ಸೋಮವಾರ ಮಧ್ಯಾಹ್ನ ಒಂದಕ್ಕ ಬೆಂಗಳೂರಾಗ ಏರಿದ್ರ, ಸಂಜಿ ಏಳಕ್ಕ ಲಂಡನ್ ರಿ" ಅಂದೆ.

ಕಾಕು ಅಂದ್ರು: "ಶ್ರಾವಣ ಸೋಮವಾರ ನನ್ನ ಉಪವಾಸ. ಹೊತ್ತು ಮುಣುಗಿ ದೀಪಾ ಹಚ್ಚೂತನಕಾ ತುತ್ತು ಬಾಯಾಗ ಹಾಕಾಂಗಿಲ್ಲ. ಮದಿವ್ಯಾಗಿ ಬಂದಾಗಿಂದ ಒಮ್ಮೆನೂ ಬಿಟ್ಟಿಲ್ಲ ತಮ್ಮಾ. ಅದು ಕೆಡತೈತಿ ಅಂದ್ರ ನಾ ವಿಮಾನಾನ ಹತ್ತಾಂಗಿಲ್ಲ."

"ಚಿಂತಿ ಬಿಡ್ರಿ ಕಾಕು. ಬರೋಬ್ಬರಿ ದೀಪಾ ಹಚ್ಚೂ ಹೊತ್ತಿಗೆ ಇಳೀತೀರಿ" ಅಂತ ಭಾಳ ಶಾಣ್ಯಾನಂಗ ಹೇಳಿಬಿಟ್ಟೆ.

ಕಾಕಾಗ ಖುಷಿಯೋ ಖುಷಿ. "ಆರ ತಾಸು! ಕಾರಿನ್ಯಾಗ ಬೆಂಗಳೂರಿಗೆ ಹೋದ್ರ ಇದಕಿಂತ ಹೆಚ್ಚು ಬೇಕು. ಲಂಡನ್ ಇಲ್ಲೇ ಬಾಜೂಕ ಐತಿ ಬಿಡು!"

ಬರೂದು

ಕುಂತಲ್ಲೇ ವಾಪಸ್ ಟಿಕೀಟೂ ಹೇಳಿದೆ, ಮುಂದಿನ ಬುಧವಾರದ್ದು. ಮಧ್ಯಾಹ್ನ ಒಂದಕ್ಕ ಅಲ್ಲಿ ಏರಿದ್ರ, ಮರುದಿನ ನಸುಕಿನ ನಾಕಕ್ಕ ಬೆಂಗಳೂರು. ಕಾಕಾ ಬೆರಳು ಎಣಿಸಿದ್ರು, ಮಾರಿ ಕೆಂಪಗಾತು.

"ಹೋಗೂದು ಆರ ತಾಸು, ಬರೂದು ಹದಿನೈದು? ದಾರಿ ಹಿಗ್ಗತೈತೇನೋ?"

"ದೂರ ಅಷ್ಟ ರಿ ಕಾಕಾ. ಅಲ್ಲಿ ಗಡಿಯಾರ ನಮಗಿಂತ ಹಿಂದ ಇರತೈತಿ. ಖರೇ ಅಂದ್ರ ಎರಡೂ ಕಡೆ ಹತ್ತೂವರಿ ತಾಸು."

"ನನಗ ಗಡಿಯಾರದ ಪಾಠ ಬ್ಯಾಡ. ಬರುವಾಗ ಧಾರವಾಡದ ದಾರ್ಯಾಗಿನ ನವಲೂರ ಗುಡ್ಡದಂಗ ಏರ ಐತಿ ಅಂತ ಸೀದಾ ಹೇಳು, ತಿಳೀತೈತಿ."

ಕೈ ಮುಗದು "ಹೌದ್ರಿ, ಏರ ಐತ್ರಿ" ಅಂದೆ. ಕಾಕಾಗ ಸಮಾಧಾನ ಆತು.

ಉಪವಾಸ

ಪಶ್ಚಿಮಕ್ಕ ಹೋಗೂ ವಿಮಾನದ ಜೋಡಿ ಸೂರ್ಯಾನೂ ಹೊಂಟಿರತಾನ ಅನ್ನೂದು ನನಗ ಹೊಳೀಲೇ ಇಲ್ಲ ನೋಡ್ರಿ. ಮಂಗಳವಾರ ಕಾಕಾರ ಫೋನು.

"ಲೇ ತಮ್ಮಾ, ನಿನ್ನಿ ಹೊತ್ತ ಮುಣುಗವಲ್ದೋ! ಊಟದ ಗಾಡಿ ಎರಡ ಸಲ ಬಂತು, ನಿಮ್ಮ ಕಾಕು ಮುಟ್ಟಲಿಲ್ಲ. ಮಂದಿ ಮಲಗ್ಯಾರ, ಖಿಡಕಿ ಮುಚ್ಚರಿ ಅಂತ ಗಾಡಿ ತರೂ ಹುಡುಗಿ ಬೇಡಿಕೊಂಡ್ಳು. ಇಕಿ ಸೂರ್ಯಾನ ಮ್ಯಾಲಿನ ಕಣ್ಣ ತಗೀಲಿಲ್ಲ. ಇಳದ್ವಿ, ಬಿಸಲು. ತಂಗಿ ಮನಿಗೆ ಹೋದ್ವಿ, ಅಲ್ಲೂ ಬಿಸಲು!"

"ಅಯ್ಯ ಶಿವನ! ನೀವೇನು ಮಾಡಿದ್ರಿ?"

"ಅನ್ನ ಚೆಲ್ಲಬಾರದಂತ ಇಕಿದೂ ನಾನ ಉಂಡೆ."

ಕಾಕೂನ ಕೈಯಾಗ ಫೋನು ಕೊಡ್ರಿ ಅಂದೆ. "ಕಾಕು, ತಪ್ಪಾತ್ರಿ. ಉಪವಾಸ ಕೆಟ್ಟಿತೇನ್ರಿ?"

"ಕೆಡಾಕ ಬಿಡ್ತೇನೇನು? ಹೊತ್ತು ಮುಣುಗೂತನಕಾ ಕುಂತು, ದೀಪಾ ಹಚ್ಚೇ ಉಂಡೆ. ಅದಿರಲಿ, ವಾಪಸ್ ಬರುವಾಗ ಹೊತ್ತು ಲಗೂ ಮುಣುಗತೈತಂತ, ಖರೇ ಏನು?"

"ಖರೇ ರಿ. ಅರ್ಧ ದಾರ್ಯಾಗ ಕತ್ತಲಾಗತೈತಿ."

"ಹಂಗಾರ ಬುಧವಾರದ ಟಿಕೀಟು ಸೋಮವಾರಕ್ಕ ಮಾಡು. ಈ ಸಲ ಶಿವಗ ಜಾಸ್ತಿ ಕೊಟ್ಟ ತಾಸು, ಬರುವಾಗ ವಾಪಸ್ ತಗೋತೇನಿ."