ಬೂಮಿಗೆ ಬೆಲ್ಲ ಕಟ್ಟಿದ ಪ್ರಸಂಗ

ಐನಾಪುರದವರ ಮುಖಕ್ಕೆ ಇನ್ನು ಮುಂದೆ ಬೆಳಕು ಮೇಲಿನಿಂದಲೇ ಬೀಳತಕ್ಕದ್ದು! ಹೀಗೆಂದು ನಾನು ಘೋಷಿಸಿದ್ದು ತೊಂಬತ್ತೆರಡನೆಯ ಇಸವಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯೇ ನನ್ನ ಫೋಟೊ ಸ್ಟುಡಿಯೋ. ಘೋಷಣೆ ಕೇಳಲು ಇದ್ದವಳು ಹೆಂಡತಿ ಕಸ್ತೂರೆವ್ವ ಒಬ್ಬಳೇ.

"ಇಷ್ಟ ದಿನ ಎಲ್ಲಿಂದ ಬೀಳತಿತ್ರಿ?" ಎಂದಳು.

"ಎದರಿನಿಂದ. ಅದಕ್ಕ ಎಲ್ಲಾರ ಹಿಂದ ಗ್ವಾಡಿ ಮ್ಯಾಲ ದೆವ್ವದಂಥಾ ನೆರಳ. ಈ ಸಲ ನಿನ್ನ ತಂಗೀ ಫೋಟೊ ನೋಡು! ಗಂಡಿನ ಕಡ್ಯಾವ್ರು ಕೆಳಗ ಇಡಾಂಗಿಲ್ಲ!"

"ಹ್ವಾದ ಸಲಾನೂ ಹಿಂಗ ಅಂದಿದ್ರಿ."

ಹೋದ ಸಲದ ಸಂಗತಿ ಹೇಳಲೇಬೇಕು. ನಾನು ತೆಗೆದ ಫೋಟೊದಲ್ಲಿ ಹಿಂದಿನ ನೆರಳು ನಾದಿನಿ ಅಕ್ಕುತಾಯಿಗೆ ಎರಡನೆಯ ತಲೆಯೊಂದನ್ನು ದಯಪಾಲಿಸಿತ್ತು. ನಿಪ್ಪಾಣಿಯ ಗಂಡಿನ ಮನೆಯವರು ಗಾಬರಿಯಾಗಿ ಬೇರೆ ಫೋಟೊ ಕೇಳಿದ್ದರು. ಮರುದಿನ ಮುಂಜಾನೆ ಹೆಂಡತಿಯ ಚಿಕ್ಕಪ್ಪ ಮುರಗೆಪ್ಪ ಕಾಕಾ ಅದನ್ನು ಒಯ್ಯುವವರಿದ್ದರು. ಇದೂ ಕೆಟ್ಟರೆ ಹುಡುಗಿಗೆ ಒಳ್ಳೆಯ ಸಂಬಂಧ ತಪ್ಪುತ್ತಿತ್ತು, ನನಗೆ ಮನೆಯ ಊಟ.

ಅದಕ್ಕೇ ಕೊಲ್ಹಾಪುರಕ್ಕೆ ಹೋಗಿ ಎರಡು ಸ್ಟ್ಯಾಂಡು ತಂದಿದ್ದೆ. ಒಂದಕ್ಕೆ ಬೆಳಕು ಹರಡುವ ಬಿಳಿ ಕೊಡೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ತೋಳು. ಇನ್ನೊಂದರ ನೆತ್ತಿಯ ಮೇಲೆ ಅಡ್ಡಲಾಗಿ ಉದ್ದನೆಯ ಪೈಪು. ಅದರ ಹೆಸರು ಬೂಮ್! ಪೈಪಿನ ಒಂದು ತುದಿಗೆ ದೊಡ್ಡ ಲೈಟು, ಇನ್ನೊಂದು ತುದಿಗೆ ಬರೀ ಕೊಕ್ಕೆ. "ಲೈಟಿನಷ್ಟೇ ಭಾರ ಕೊಕ್ಕೆಗೆ ಕಟ್ಟಿ, ಇಲ್ಲವಾದರೆ ಲೈಟು ನೆಲಕ್ಕೆ ಬರುತ್ತದೆ" ಎಂದು ಅಂಗಡಿಯವನು ಮರಾಠಿಯಲ್ಲಿ ಸಾರಿ ಸಾರಿ ಹೇಳಿದ್ದ.

ಕಲ್ಲು ಕಟ್ಟಿದೆ, ಅದು ಹಗ್ಗದಿಂದ ಜಾರಿ ನನ್ನ ಹೆಬ್ಬೆರಳಿನ ಮೇಲೆ ಕೂತಿತು. ಉಸುಕು ತಂದೆ, "ಸಾರಿಸಿದ ನೆಲದಾಗ ಉಸುಕ ಚೆಲ್ಲಿದ್ರ ನೋಡ್ರಿ ಮತ್ತ!" ಎಂಬ ಗುಡುಗು ಕೇಳಿ ತಿರುಗಿ ಒಯ್ದೆ. ಆಗ ಕಣ್ಣಿಗೆ ಬಿತ್ತು, ಮಾವನವರ ಗಾಣದಿಂದ ಬಂದ ಹೊಸ ಬೆಲ್ಲದ ಪೆಂಟಿ, ಕಲ್ಲಿನಂಥ ಇಡೀ ಗಡ್ಡೆ. ಅದನ್ನು ಕೈಚೀಲಕ್ಕೆ ಹಾಕಿ ಕೊಕ್ಕೆಗೆ ತೂಗಿಬಿಟ್ಟೆ. ಆಹಾ! ಬೂಮ್ ಅತ್ತ ಅಲ್ಲಾಡದೆ ಇತ್ತ ಅಲ್ಲಾಡದೆ ನಿಂತಿತು!

"ಬೆಲ್ಲ ಯಾಕ ಒಯ್ದ್ರಿ?"

"ಇದು ವಿಜ್ಞಾನ. ನಿನಗ ತಿಳಿಯಾಂಗಿಲ್ಲ."

"ಬಂದಾವ್ರಿಗೆ ಏನ ಕೊಡ್ಲಿ?"

"ಈ ಹೊತ್ತಿನ್ಯಾಗ ಯಾರ ಬರ್ತಾರ?"

ಯಾರು ಬರಲಿಲ್ಲ ಎಂದು ಕೇಳಿ! ಕೊಲ್ಹಾಪುರದಿಂದ ಯಂತ್ರ ಬಂದಿದೆಯೆಂಬ ಸುದ್ದಿ ಓಣಿ ತುಂಬ ಹಬ್ಬಿತ್ತು. ಮೊದಲು ಬಂದವನು ಪಕ್ಕದ ಮನೆಯ ಕುರಿಗಾರ ಭರಮು. ಬೂಮಿನ ಸುತ್ತ ಪ್ರದಕ್ಷಿಣೆ ಹಾಕಿದ.

"ಇದು ಏತ ಇದ್ದಂಗ ಐತಲ್ರಿ?"

"ಏತ ಅಲ್ಲೋ, ಬೂಮ್!"

"ನೀರು ಎತ್ತತೈತೇನು?"

"ಬೆಳಕ ಎತ್ತತೈತಿ!"

"ಬೆಳಕ ತಗೊಂಡ ಹೊಲಕ್ಕ ಏನ ಮಾಡೂದ್ರಿ?" ಎಂದು ಅವನು ನಿಜವಾಗಿಯೂ ಯೋಚನೆಗೆ ಬಿದ್ದ. ಅವನ ಹಿಂದೆ ತಾರವ್ವ, ಮಲಕವ್ವ, ಅವರ ಹಿಂದೆ ಅರ್ಧ ಓಣಿ. ಎಲ್ಲರಿಗೂ ಒಂದೊಂದು ಪ್ರಶ್ನೆ. ನಾನೂ ಪ್ರೊಫೆಸರನಂತೆ ವಿವರಿಸಿದ್ದೇ ವಿವರಿಸಿದ್ದು.

ನಮ್ಮ ಕಡೆ ಹೊಸ್ತಿಲು ದಾಟಿ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡದಿದ್ದರೆ ಮನೆತನದ ಮಾನ ಉಳಿಯುವುದಿಲ್ಲ. ಕಸ್ತೂರೆವ್ವ ಮಾನವಂತೆ. ನನ್ನ ಬೆನ್ನ ಹಿಂದೆ ಕೈಚೀಲದಲ್ಲಿ ಕೈಯಿಟ್ಟು, ಮುರಿದು ಮುರಿದು, ಓಣಿಗೆಲ್ಲ ಮಾನ ಹಂಚುತ್ತಿದ್ದಳು. ನನಗೆ ಗೊತ್ತೇ ಆಗಲಿಲ್ಲ.

ಕೊನೆಗೆ, ಹಂಚಿಕೆ ಇನ್ನೂ ನಡೆದಿರುವಾಗಲೇ, ಅಕ್ಕುತಾಯಿ ಇಳಕಲ್ ಸೀರೆಯುಟ್ಟು ಕುರ್ಚಿಯಲ್ಲಿ ಕೂತಳು. ಲೈಟು ಹಚ್ಚಿ ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ವಿಚಿತ್ರ! ಅವಳ ತಲೆ ಲೈಟಿನ ಹತ್ತಿರ ಹತ್ತಿರ ಹೋಗುತ್ತಿತ್ತು.

"ಅಕ್ಕುತಾಯಿ, ಯಾಕ ಏಳಾಕತ್ತಿ? ಸುಮ್ನ ಕುಂಡ್ರು!"

"ಕುಂತೇನ್ರಿ ದಾಜೀ!"

"ಮತ್ಯಾಕ ಎತ್ತರ ಆಗಾಕತ್ತಿ?"

"ನಾನೇನ ಮಾಡ್ಲಿ? ನೆತ್ತಿ ಸುಡಾಕತ್ತೈತ್ರಿ!"

"ಛಂದ ಕಾಣಬೇಕಂದ್ರ ಸ್ವಲ್ಪ ಸುಡತೈತಿ. ತಡ್ಕೊ!"

ಅಷ್ಟರಲ್ಲಿ ಬಿಸಿಲಲ್ಲಿ ಬಸ್ಸಿಳಿದು ಮುರಗೆಪ್ಪ ಕಾಕಾ ಬಂದರು. ಮನೆಯ ಹಿರಿಯರು, ಯಾರನ್ನೂ ಕೇಳುವ ಪೈಕಿ ಅಲ್ಲ. "ಹೊಸಾ ಬೆಲ್ಲಾ ಏನವಾ ಕಸ್ತೂರಿ?" ಎಂದವರೇ ಚೀಲದಲ್ಲಿ ಉಳಿದಿದ್ದ ಗಡ್ಡೆಯನ್ನು ಪೂರ್ತಿ ಎತ್ತಿಕೊಂಡರು.

ಬೂಮಿನ ಬಾಲ ಸೂರಿಗೆ ಹಾರಿತು! ಲೈಟು ಕೆಳಗೆ ಧಾವಿಸಿತು! ನಾನು ಚಿರತೆಯಂತೆ ಜಿಗಿದು ಪೈಪಿಗೆ ಜೋತುಬಿದ್ದೆ. ಆಸರೆಗೆ ಎಡಗೈಯಿಂದ ಕುರ್ಚಿಯ ಬೆನ್ನು ಹಿಡಿದೆ. ಬಲ್ಬು ಢಬ್ ಎಂದಿತು. ಪಕ್ಕಕ್ಕೆ ಬಾಗಿ ಪಾರಾದ ಅಕ್ಕುತಾಯಿ ನನ್ನ ಅವತಾರ ಕಂಡು ಕಿಲಕಿಲ ನಕ್ಕಳು. ಈ ಗದ್ದಲದಲ್ಲಿ ನನ್ನ ಮುಷ್ಟಿಯಲ್ಲೇ ಉಳಿದಿದ್ದ ಕ್ಯಾಮೆರಾದ ಉದ್ದನೆಯ ವೈರಿನ ಗುಂಡಿ ಒತ್ತಿಹೋಗಿ 'ಕ್ಲಿಕ್' ಎಂದಿತು.

"ಅಲ್ರೀ," ಕಸ್ತೂರೆವ್ವ ಸೊಂಟಕ್ಕೆ ಕೈ ಕೊಟ್ಟಳು, "ಲೈಟಿನ ಕೆಳಗ ನನ್ನ ತಂಗಿ ಇದ್ದಳು. ನೀವು ಹಿಡದದ್ದು ಯಾರನ್ನ?"

"ಕೊಲ್ಹಾಪುರದ ಮಾಲು..."

"ಹಂಗಾದ್ರ ಇವತ್ತ ರೊಟ್ಟೀನೂ ಅದನ್ನ ಕೇಳ್ರಿ!"

ಅಕ್ಕುತಾಯಿ ಮತ್ತೆ ಆ ಕುರ್ಚಿಯಲ್ಲಿ ಕೂರಲು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹೀಗಾಗಿ ಉಳಿದದ್ದು ಅದೊಂದೇ ಫೋಟೊ. ತೊಳೆದು ನೋಡಿದರೆ, ಬಾಗಿಲಿನಿಂದ ಬಂದ ಬಿಸಿಲಲ್ಲಿ ಹುಡುಗಿಯ ನಗು ನಿಜಕ್ಕೂ ಅರಳಿತ್ತು. ಪಕ್ಕದಲ್ಲಿ ಪೈಪಿಗೆ ತೂಗುಬಿದ್ದು ಬಾಯಿ ತೆರೆದ ನಾನು! ನನ್ನನ್ನು ಕತ್ತರಿಸಲು ಹೋದರೆ ಹುಡುಗಿಯ ಬೆನ್ನ ಹಿಂದೆ ಮಾಲೀಕರಿಲ್ಲದ ಗಂಡಸಿನ ಕೈಯೊಂದು ಉಳಿಯುತ್ತಿತ್ತು. ಅದು ಇನ್ನೂ ಘೋರ. ಕಾಕಾ ನಿಟ್ಟುಸಿರು ಬಿಟ್ಟು ಇಡೀ ಫೋಟೊ ಒಯ್ದರು. ಅವರು ತಿರುಗಿ ಬರುವ ತನಕ ಮನೆಯಲ್ಲಿ ನನ್ನೊಡನೆ ಮಾತಿಲ್ಲ.

ಬಂದವರೇ ಕಾಕಾ ಕೂಗಿದರು: "ಹುಡಿಗಿ ಪಸಂದ! ನಗೂ ನೋಡೇ ಒಪ್ಪ್ಯಾರ!"

ನಾನು ಎದೆಯುಬ್ಬಿಸಿ, "ನನ್ನ ಬಗ್ಗೆ ಏನಂದ್ರು?" ಎಂದೆ.

ಕಾಕಾ ನೆಲ ನೋಡಿದರು. "ಜೋತಬಿದ್ದಾವ ಯಾರು ಅಂತ ಕೇಳಿದ್ರು. ನಮ್ಮ ಮನೀ ಅಳಿಯ ಅಂದ್ರ ಲಗ್ನ ಮುರೀತೈತಿ ಅಂತ ಅಂಜಿಕಿ ಬಂತಪಾ. ಲೈಟ್ ಕಂಪನಿಯಾವ, ನಮಗ ಗುರ್ತ ಇಲ್ಲ ಅಂದೆ."

ಮಾತುಕತೆಗಳಿಗೆಲ್ಲ ನನ್ನನ್ನು ದೂರವೇ ಇಟ್ಟರು. ಮದುವೆಯ ದಿನ ಮಂಟಪದ ಕಂಬದ ಮರೆಯಲ್ಲಿ ನಿಂತಿದ್ದೆ. ಗಂಡಿನ ತಂದೆ ಗುರುತು ಹಿಡಿದೇಬಿಟ್ಟರು. ಹತ್ತಿರ ಬಂದು, "ಪಾಪ, ದೂರದಿಂದ ಬಂದೀರಿ. ಊಟಾ ಮಾಡ್ಕೊಂಡ ಹೋಗ್ರಿ" ಎಂದರು.

ಕಾಪಾಡು ಎಂಬಂತೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದೆ. ಕಸ್ತೂರೆವ್ವ ಸೆರಗು ಸರಿಮಾಡಿಕೊಂಡು, ಕೈಮುಗಿದು ಹೇಳಿದಳು: "ಹೌದ್ರಿ ಲೈಟಿನವ್ರ, ನಾಚಬ್ಯಾಡ್ರಿ. ಊಟಾ ಮಾಡ್ಕೊಂಡ ಹೋಗ್ರಿ!"