ಖಾಲಿ ಕೋಣೆಯಲ್ಲಿ ಮಿಷನ್ ಆದದ್ದು

ನನ್ನ ಭಾವನ ಹತ್ತಿರ ದಾರಿ ಕೇಳಿದವರು ಯಾರೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಿಲ್ಲ! ಬೋಳಾರದ ಅವರ ಮನೆ ಎದುರು ಗಾಡಿ ನಿಲ್ಲಿಸಿ ದೇವಸ್ಥಾನ ಎಲ್ಲಿ ಎಂದು ಕೇಳಿದರೆ, "ಮೊದಲು ನೀವು ಎಲ್ಲಿದ್ದೀರಿ ಹೇಳಿ" ಎನ್ನುತ್ತಾರೆ. ಅದು ಗೊತ್ತಿದ್ದರೆ ಪಾಪ, ಅವರು ಯಾಕೆ ಕೇಳುತ್ತಿದ್ದರು? ಒಮ್ಮೆ ನನ್ನ ಹೆಂಡತಿ, ಅಂದರೆ ಅವರ ತಂಗಿ, ತವರಿನ ಅಡುಗೆಮನೆಯಿಂದ ಕೂಗಿದಳು.

"ಅಣ್ಣಾ, ಉಪ್ಪಿನಕಾಯಿ ಭರಣಿ ಎಲ್ಲುಂಟು?"

"ನೀನೀಗ ಎಲ್ಲಿ ನಿಂತಿದ್ದಿ?"

"ಒಲೆ ಹತ್ರ."

"ಮುಖ ಯಾವ ಕಡೆ?"

"ಸಿಟ್ಟಿನ ಕಡೆ!"

ಆ ದಿನ ಊಟಕ್ಕೆ ಉಪ್ಪಿನಕಾಯಿ ಇರಲಿಲ್ಲ.

ಕದ್ರಿಯ ಒಂದು ಸಣ್ಣ ಆಫೀಸಿನಲ್ಲಿ ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದವರು. ನಾನು ಮೀಸೆ ನರೆತ ಮೇಲೆ ಡಿಗ್ರಿ ಮುಗಿಸಿದವನು. ಈಗಲೂ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತೇನೆ. ನಾವು ಬರೆದದ್ದನ್ನೆಲ್ಲ ಆಫೀಸಿನ ಇನ್ನೊಂದು ಕಂಪ್ಯೂಟರ್, ನಮ್ಮ ಬಾಯಲ್ಲಿ ಮಿಷನ್, ತಾನಾಗಿಯೇ ಕಂಟೇನರ್ ಎಂಬ ಡಬ್ಬಿಯೊಳಗೆ ಜೋಡಿಸುತ್ತದೆ. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುತ್ತಿದ್ದವರು ಭಾವ. ಆದರೆ ಅವರ ಕಣ್ಣು ಮಂಜಾಗುತ್ತ ಬಂದು, ಪರದೆಯ ಅಕ್ಷರ ಕಾಣದಾಯಿತು. ಇವತ್ತೇ ಕೊನೆ, ನಾಳೆಯಿಂದ ಬರುವುದಿಲ್ಲ ಎಂದ ಅವರು, ಈ ಕೆಲಸಕ್ಕೆ ನನ್ನ ಹೆಸರು ಹೇಳಿದರು. ಯಜಮಾನರಿಗೆ ನಂಬಿಕೆ ಬರಲಿಲ್ಲ.

"ಸಂಜೆಯೊಳಗೆ ಇವರೊಬ್ಬರೇ ಬಿಲ್ಡ್ ಸರಿ ಮಾಡಿದ್ರೆ ಕೆಲಸ ಇವರಿಗೆ. ಇಲ್ಲದಿದ್ರೆ ಹೊರಗಿನವರಿಗೆ ಕೊಡ್ತೇನೆ."

ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಆಗುತ್ತಿದ್ದ ಬಿಲ್ಡ್, ಮಿಷನ್ನಿನಲ್ಲಿ ಮಾತ್ರ ಫೋಲ್ಡರ್ ಸಿಗುತ್ತಿಲ್ಲವೆಂದು ಕೆಂಪಾಗಿ ನಿಲ್ಲುತ್ತಿತ್ತು.

"ಕಣ್ಣೆದುರೇ ಉಂಟಲ್ಲ ಭಾವ!"

"ಯಾರ ಕಣ್ಣೆದುರು?"

ಭಾವ ಎದ್ದವರೇ ಗೋಡೆ ಸವರಿಕೊಂಡು ಹೋಗಿ ನನ್ನನ್ನು ಖಾಲಿ ಕೋಣೆಯೊಂದಕ್ಕೆ ದೂಡಿದರು. ಕೈಗೆ ಒಂದು ಟ್ರೇ ಕೊಟ್ಟರು: ಕೆಟಲ್, ಹಾಲು, ಚಾ ಹುಡಿ. "ನೀನೀಗ ಮಿಷನ್. ಚಾ ಮಾಡು." ಬಾಗಿಲು ಹಾಕಿಯೇಬಿಟ್ಟರು!

"ಭಾವ, ಸಕ್ಕರೆ ಇಲ್ಲ. ಹೊರಗೆ ಮೇಜಿನ ಮೇಲುಂಟು, ತರ್ತೇನೆ."

"ಮಿಷನ್‌ಗೆ ಬಾಗಿಲು ತೆಗೀಲಿಕ್ಕೆ ಬರ್ತದಾ ಮಾರಾಯ?"

ಆಫೀಸಿನ ಲೆಕ್ಕ ನೋಡುವ ಮೇಡಂ ಹೊರಗೆ ಗಾಬರಿಯಾಗಿದ್ದರು. "ಎಂತ ಸರ್ ಇದು, ತಂಗಿಯ ಗಂಡನನ್ನೇ ಕೂಡಿಹಾಕಿದ್ದೀರಿ! ತಂಗಿ ಫೋನ್ ಮಾಡಿದ್ರೆ ಎಂತ ಹೇಳ್ತೀರಿ?"

"ಬಿಲ್ಡ್ ಆಗ್ತಾ ಉಂಟು ಹೇಳ್ತೇನೆ."

ಸಕ್ಕರೆಯಿಲ್ಲದ ಚಾ ಕುಡಿಯುತ್ತಿದ್ದಾಗ ನನಗೆ ಹೊಳೆಯಿತು. ಮಿಷನ್ ಪ್ರತಿ ಸಲ ಖಾಲಿ ಕೋಣೆಯಲ್ಲಿ ಶುರು ಮಾಡುತ್ತದೆ. ನಾವು ಕೈಗಿಟ್ಟ ಫೋಲ್ಡರ್ ಬಿಟ್ಟರೆ ಅದಕ್ಕೆ ಬೇರೆ ಲೋಕವೇ ಇಲ್ಲ. ನಾನು ಒಳಗಿನ ಫೋಲ್ಡರ್ ಮಾತ್ರ ಕೊಟ್ಟು, ಹೊರಗಿನದನ್ನು ಕೇಳುತ್ತಿದ್ದೆ. ಬಾಗಿಲು ತೆಗೆಸಿ ಬಂದು ಕುಳಿತು, ಹೊರಗಿನ ದೊಡ್ಡ ಫೋಲ್ಡರನ್ನೇ ಕೊಟ್ಟು, ಯಾವ ಫೈಲ್ ಎಲ್ಲುಂಟು ಎಂಬ ದಾರಿಗಳನ್ನೆಲ್ಲ ಅಲ್ಲಿಂದಲೇ ಹೊಸದಾಗಿ ಬರೆದೆ. ಪಕ್ಕದಲ್ಲಿದ್ದ ಭಾವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

ಪರದೆಯ ಬಣ್ಣ ಬದಲಾಯಿತು.

"ಎಂತ ಬಂತು?"

"ಹಸಿರು, ಭಾವ."

"ಎಂತ ಹಸಿರು? ಸರಿಯಾಗಿ ಹೇಳು."

ನಾನು ಪರದೆಯನ್ನು ಇನ್ನೊಮ್ಮೆ ನೋಡಿದೆ. "ಬೆಂಗ್ರೆಯಲ್ಲಿ ಬೋಟಿಗೆ ಹೊಸ ಪೈಂಟ್ ಕೊಡ್ತಾರಲ್ಲ... ಒಣಗುವ ಮೊದಲು ಇರ್ತದಲ್ಲ, ಹಾಗೆ."

ಅವರು ಪರದೆಯತ್ತ ಬಾಗಿ ತುಂಬ ಹೊತ್ತು ನೋಡಿದರು. ಅವರು ನೋಡಿ ಮುಗಿಸುವವರೆಗೆ ಪರದೆ ಆರದಂತೆ ನಾನು ಮೌಸ್ ಅಲುಗಿಸುತ್ತ ಕುಳಿತೆ.