ಪುಟ್ಟ ಬೆರಳುಗಳೂ ನನ್ನ ಮಾನವೂ

ಏರ್‌ಪೋರ್ಟ್ ಪಕ್ಕದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್. ಮಕ್ಕಳ ಬೆರಳು ಪಳಗಿಸುವುದು ನನ್ನ ಕೆಲಸ. ಅವು ಪಳಗಿದ ಹಾಗೆಲ್ಲ ನಾನೇ ತಲೆ ತಗ್ಗಿಸುವ ಹಾಗಾಗುತ್ತದೆ. ಯಾವ ವರ್ಷವೂ ಇದು ತಪ್ಪಿಲ್ಲ.

ಹಿತಕಿದ ಬೇಳೆ

ಬೆರಳ ತುದಿಗೆ ಬಲ ಬರಲಿ ಅಂತ ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ತಂದು ಮಕ್ಕಳ ಮುಂದಿಟ್ಟೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತುಕಿದರೆ ಬೇಳೆ ಚಿಮ್ಮುತ್ತದೆ. ಮಕ್ಕಳಿಗೆ ಇನ್ನೇನು ಬೇಕು? ಮಧ್ಯಾಹ್ನದೊಳಗೆ ಪಾತ್ರೆ ತುಂಬಿತು. ಚೆಲ್ಲಲು ಮನಸ್ಸಾಗದೆ ಮನೆಗೆ ಒಯ್ದೆ. ಅವತ್ತೇ ನಮ್ಮ ಮನೆಗೆ ನೆಂಟರು ಬರಬೇಕೆ.

ಮಾರನೆ ದಿನ ಒಂದು ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತು, "ಮಿಸ್ಸೋರೇ, ಸಾರು ಹೆಂಗಾಗಿತ್ತು?" ಅಂದರು.

"ಅದು ಪಾಠ ಕಣಜ್ಜಿ, ಬೆರಳಿಗೆ ವ್ಯಾಯಾಮ."

"ಹಂಗಾ? ನಮ್ಮನೇಲೂ ಒಂದ್ ಸೇರು ನೆನೆಹಾಕಿವ್ನಿ. ನಾಳೆ ಪಾಠಕ್ಕೆ ತರ್ಲಾ?"

ಗಂಟು

ಆಮೇಲೆ ದಾರಕ್ಕೆ ಗಂಟು ಹಾಕುವುದು ಕಲಿಸಿದೆ. ನೋಡಲು ತಾಲ್ಲೂಕಿನಿಂದ ಸೂಪರ್‌ವೈಸರ್ ಮೇಡಂ ಬಂದರು. ಚಾಪೆ ಮೇಲೆ ನನ್ನ ಪಕ್ಕ ಕೂತು, "ಯಾರಿಗೆ ಗಂಟು ಹಾಕೋಕೆ ಬರುತ್ತೆ?" ಅಂದರು. ಒಬ್ಬರೂ ಕೈ ಎತ್ತಲಿಲ್ಲ.

"ಇನ್ನೂ ಕಲಿಸ್ಬೇಕು ನೀವು" ಅಂತ ಮೇಡಂ ಎದ್ದರು. ಅವರ ಸೆರಗಿನ ಜೊತೆ ನನ್ನ ಸೆರಗೂ ಎದ್ದಿತು. ಯಾರೋ ಹಿಂದಿನಿಂದ ಎರಡಕ್ಕೂ ಸೇರಿಸಿ ಗಂಟು ಹಾಕಿದ್ದರು. ಇಬ್ಬರೂ ಎಷ್ಟು ತಿಣುಕಿದರೂ ಬಿಚ್ಚಲಿಲ್ಲ.

ಅಡುಗೆಯ ಸಹಾಯಕಿ ಇಣುಕಿ ನೋಡಿ ಮೆಲ್ಲಗೆ ಅಂದಳು: "ಧಾರೆ ಆಯ್ತಲ್ಲ, ಊಟಕ್ಕೆ ಬಡಿಸ್ಲಾ?"

ಚಿಲಕ

ನಾಲ್ಕು ವರ್ಷದ ಒಬ್ಬ ಹುಡುಗನಿಗೆ ಬಳಪ ಹಿಡಿದರೆ ಜಾರುತ್ತಿತ್ತು, ಅಂಗಿ ಗುಂಡಿ ಹಾಕಲು ಬರುತ್ತಿರಲಿಲ್ಲ. ಅವನ ಅಪ್ಪ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು. ಅಮ್ಮ ದಿನಾ ಕೇಳುತ್ತಿದ್ದಳು, "ಮಿಸ್, ನನ್ ಮಗ ಎಲ್ಲರ ಹಂಗೆ ಆಗ್ತಾನಾ?" ಹಲಗೆಗೊಂದು ಚಿಲಕ ಹೊಡೆಸಿ ಅವನ ಕೈಗೆ ಕೊಟ್ಟೆ. ಎಷ್ಟು ದಿನವಾದರೂ ಅದನ್ನು ಸರಿಸಲು ಅವನಿಂದ ಆಗಲಿಲ್ಲ.

ಸಹಾಯಕಿ ರಜೆ ಹಾಕಿದ ದಿನ ರವೆ ತರಲು ಸಾಮಾನಿನ ಕೋಣೆಗೆ ಹೋದೆ. ಹಿಂದೆ ಬಾಗಿಲ ಕೆಳಚಿಲಕ ಕಟಕ್ ಅಂತು. ಬಡಿದೆ, ಗದರಿದೆ, ಕೊನೆಗೆ ಬೇಡಿಕೊಂಡೆ. ಮಕ್ಕಳೆಲ್ಲ ಕಿಸಕಿಸ ನಗುತ್ತಿದ್ದರು. ಮನೆಗೆ ಬಿಡುವ ಹೊತ್ತಿಗೆ ಆ ಹುಡುಗನ ಅಮ್ಮನ ದನಿ ಕೇಳಿ ಜೀವ ಬಂತು.

"ಯಾರೋ ಚಿಲಕ ಹಾಕಿದ್ದು?"

"ನಾನು" ಅಂದ ಅವಳ ಮಗ.

ಬಾಗಿಲು ತೆರೆದಾಗ ಅವಳ ಕಣ್ಣು ಒದ್ದೆಯಾಗಿತ್ತು. ಮೈಯೆಲ್ಲ ರವೆ ಮಾಡಿಕೊಂಡು, ತಲೆ ತಗ್ಗಿಸಿ ಹೊರಗೆ ಬಂದೆ. ಅವಳು ಮೊಬೈಲ್ ಎತ್ತಿದಳು.

"ಬೇಜಾರ್ ಮಾಡ್ಕೋಬೇಡಿ ಮಿಸ್. ಇನ್ನೊಂದ್ ಸಲ ಒಳಗೆ ಹೋಗಿ. ಅವರಪ್ಪಂಗೆ ವಿಡಿಯೊ ಕಳಿಸ್ಬೇಕು."

ಹೋದೆ. ಈ ಸಲ ಹುಡುಗ ಎಷ್ಟು ಬಿಗಿಯಾಗಿ ಹಾಕಿದನೆಂದರೆ, ಅವರಮ್ಮನಿಂದಲೂ ತೆಗೆಯಲಾಗಲಿಲ್ಲ.